ಶುಕ್ರವಾರದ ಭಿನ್ನಾಭಿಪ್ರಾಯ

ಮಾರ್ಚ್ ೩, ಸೋಮವಾರ

ಮತ್ತದೇ ಲ್ಯಾಬ್. ಎರಡು ಆಸ್ಪತ್ರೆಗಳ ಹಳೆಯ ಡೇಟಾಬೇಸ್. ಪರದೆಯ ಮೇಲೆ ಜೋಡಿ ಜೋಡಿ ದಾಖಲೆ—ಎರಡೂ ಒಬ್ಬ ರೋಗಿಯದೋ, ಬೇರೆ ಬೇರೆಯವರದೋ? ನೋಡಿ ಬಟನ್ ಒತ್ತಬೇಕು. ನಮ್ಮ ಉತ್ತರ ನೋಡಿ ನನ್ನ ಪ್ರೋಗ್ರಾಂ ಕಲಿಯಬೇಕು. ಬೀರುವಿನ ಆಚೆ ಮೇಷ್ಟ್ರು ಅವೇ ಜೋಡಿಗಳನ್ನು ನೋಡುತ್ತಾರೆ. ಶಾಲೆಯಿಂದ ನಿವೃತ್ತರು, ಇಲ್ಲಿ ಗಂಟೆ ಲೆಕ್ಕದ ಕೆಲಸ. ನಾವು ಮಾತಾಡಕೂಡದು. ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಅಂಟಬಾರದೆಂದು ನನ್ನ ಪಿಎಚ್‌ಡಿ ಗೈಡ್ ಹಾಕಿದ ನಿಯಮ. ಇವತ್ತು ನಾನು ಬಾಯಿ ತೆರೆದದ್ದು ಹಲ್ಲುಜ್ಜುವುದಕ್ಕೆ ಮಾತ್ರ.

ಮಾರ್ಚ್ ೭, ಶುಕ್ರವಾರ

ಉತ್ತರ ತಾಳೆಯಾಗದ ಜೋಡಿಗಳಿಗೆ ಶುಕ್ರವಾರ ಎದುರುಬದುರು ಕೂತು ತೀರ್ಮಾನ. ಈ ವಾರ ಮೂರೇ ಮೂರು. ಕೂತದ್ದೇ ಎದ್ದದ್ದು. ಇಬ್ಬರೂ ಇಷ್ಟು ಬುದ್ಧಿವಂತರಾಗಬಾರದಿತ್ತು.

"ಅವಳಿ ಮಕ್ಕಳು ಕಣಮ್ಮ ಇವ್ರು! ಒಂದೇ ಮನೆ, ಒಂದೇ ಹುಟ್ಟಿದ ದಿನ. ನೀನು ಒಬ್ಬನ್ನ ನುಂಗಿ ನೀರು ಕುಡಿದುಬಿಟ್ಟಿದ್ದೆ," ಎಂದು ಮೇಷ್ಟ್ರು ನಕ್ಕರು. ನಾನೂ ನಕ್ಕೆ. ನನ್ನ ನಗು ನನಗೇ ಹೊಸದಾಗಿ ಕೇಳಿಸಿತು.

ಮಾರ್ಚ್ ೧೩, ಗುರುವಾರ

ಇವತ್ತೊಂದು ಕೆಲಸ ಮಾಡಿದೆ. ಎರಡೂ ಒಬ್ಬರದೇ ದಾಖಲೆ, ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ—ಬೇಕೆಂದೇ 'ಬೇರೆ' ಎಂದು ಒತ್ತಿದೆ. ಆಮೇಲೆ ಇನ್ನೂ ಕೆಲವು. ನಾಳೆ ಒಂದಷ್ಟು ಹೊತ್ತು ಮಾತಿಗೆ ಜನ ಸಿಗುತ್ತಾರೆ... ಯಾರ ಗಂಟು ಹೋಯಿತು?

ಮಾರ್ಚ್ ೨೮, ಶುಕ್ರವಾರ

ಮಧ್ಯಾಹ್ನವೆಲ್ಲ ಹರಟೆ. ದಾಖಲೆ ಬರೀ ನೆಪ. ಹೆಂಡತಿಯ ಗೊರಕೆ, ಸೊಸೆಯ ಡ್ರೈವಿಂಗು, ಎಲ್ಲ ಹೇಳಿದರು ಮೇಷ್ಟ್ರು. ಮಾತು ಮುಗಿಯಬಾರದೆಂದು ಪ್ರತಿ ಜೋಡಿಗೂ ಹಟ ಹಿಡಿದು ವಾದಿಸಿದೆ. ಕೊನೆಗೆ ಅವರೇ ಸೋತರು.

"ಆಯ್ತಮ್ಮ, ನೀನು ಓದಿದೋಳು. ನಿಂದೇ ಸರಿ ಇರ್ಬೇಕು."

ಇಷ್ಟು ಸುಖದ ದಿನ ಬಂದು ಎಷ್ಟು ಕಾಲವಾಯಿತೋ.

ಏಪ್ರಿಲ್ ೭, ಸೋಮವಾರ

ಮೇಷ್ಟ್ರ ಕುರ್ಚಿ ಖಾಲಿ. ಗೈಡನ್ನು ಕೇಳಿದೆ.

"ಕೆಲಸ ಬಿಡಿಸ್ದೆ. ನಿಮ್ಮಿಬ್ಬರ ಉತ್ತರ ತಾಳೆನೇ ಆಗ್ತಿಲ್ಲ. ಕೊನೆಗೆ ನಿಲ್ತಿರೋದೆಲ್ಲ ನಿನ್ನ ಉತ್ತರ. ಅವರಿಗೆ ವಯಸ್ಸಾಯ್ತು, ಪಾಪ."

ತಲೆಯಾಡಿಸಿದೆ. ಆಡಿಸಿಯೇ ಬಿಟ್ಟೆ! ಥೂ ನನ್ನ ಜನ್ಮಕ್ಕೆ.

ಏಪ್ರಿಲ್ ೧೧, ಶುಕ್ರವಾರ, ಬೆಳಿಗ್ಗೆ

ಗೈಡ್‌ಗೆ ಎಲ್ಲ ಹೇಳಿದೆ.

"ಮಾತಾಡೋಕೆ ಜನ ಬೇಕು ಅಂತ ಡೇಟಾ ಕೆಡಿಸಿದ್ಯಾ?"

ಹೌದು ಸರ್, ಅದಕ್ಕೇ. ನನ್ನ ಉತ್ತರಗಳೆಲ್ಲ ಕಸದ ಬುಟ್ಟಿಗೆ. ಪಿಎಚ್‌ಡಿ ಇನ್ನೊಂದು ವರ್ಷ ಮುಂದಕ್ಕೆ. ಮೇಷ್ಟ್ರಿಗೆ ವಿಷಯ ತಿಳಿಸಿ ವಾಪಸ್ ಕರೆಯಬೇಕಾದದ್ದೂ ನಾನೇ.

ಸಂಜೆ

ಫೋನ್ ಮಾಡಿದೆ. ತಪ್ಪು ನಿಮ್ಮದಲ್ಲ, ಬೇಕೆಂದೇ ತಪ್ಪು ಒತ್ತಿದ್ದು ನಾನು, ವಾಪಸ್ ಬನ್ನಿ ಎಂದೆ. ಬೈಯಲಿ ಎಂದು ಕಾದೆ.

"ಮೊದಲೇ ಹೇಳ್ಬಾರದಿತ್ತಾ ತಾಯಿ? ಕಣ್ಣು ಹೋಯ್ತು ಅಂತ ಡಾಕ್ಟ್ರ ಹತ್ರ ಹೋದೆ. ಕಣ್ಣು ಚೆನ್ನಾಗಿದೆ ಅಂದ್ರು. ಹಾಗಾದ್ರೆ ತಲೆನೇ ಹೋಯ್ತು ಅಂದ್ಕೊಂಡೆ... ಮನೇಲಿ ಯಾರಿಗೂ ಹೇಳಿಲ್ಲ. ಮೊಮ್ಮಗಳನ್ನ ಶಾಲೆಯಿಂದ ಕರ್ಕೊಂಡ್ ಬರೋದೂ ಬಿಟ್ಬಿಟ್ಟೆ. ಯಾವುದೋ ಬೇರೆ ಮಗೂನ ಕೈ ಹಿಡ್ಕೊಂಡು ಬಂದ್ಬಿಟ್ರೆ ಅಂತ."

ಅವರು ಫೋನ್ ಇಟ್ಟರು. ನಾನು ಬರೀ ಎರಡು ಮಾತಿನ ಆಸೆಗೆ—