ಹರ್ನಿಯಾ ಅಂದಿದ್ದಿರಿ

ಅಪ್ಪನಿಗೆ,

ನಿನ್ನೆ ನನಗೆ ಆಪರೇಷನ್ ಆಯಿತು. ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದ್ದರಿಂದ ವೃಷಣವನ್ನೇ ಕೊಯ್ದು ಹುಡುಕಿದರು. ಮೂರು ಗಂಟೆ ಹುಡುಕಿದ ಮೇಲೆ ನಾಲ್ಕೇ ನಾಲ್ಕು ಸಿಕ್ಕವು.

ಅದಕ್ಕೂ ಮುಂಚೆ ಡಾಕ್ಟರು ತೊಡೆಸಂದಿಯ ಹಳೆಯ ಗಾಯದ ಗುರುತು ಯಾವುದೆಂದು ಕೇಳಿದರು. ಹನ್ನೆರಡನೇ ವಯಸ್ಸಿನಲ್ಲಿ ಹರ್ನಿಯಾ ಆಪರೇಷನ್ ಆಗಿತ್ತು ಎಂದೆ, ನೀವು ಹೇಳಿದ್ದಂತೆ. ನನ್ನನ್ನು ನೋಡಿಕೊಳ್ಳಲು ಬಂದಿದ್ದ ಅಮ್ಮ ಅತ್ತುಬಿಟ್ಟಳು.

"ಹರ್ನಿಯಾ ಅಲ್ಲ ಕಣೋ. ಬೀಜ ಕೆಳಗಿಳಿದಿಲ್ಲ, ತಡವಾದ್ರೆ ಮುಂದೆ ಮಕ್ಕಳಾಗೋದು ಕಷ್ಟ, ಬೇಗ ಆಪರೇಷನ್ ಮಾಡಿಸಿ ಅಂತ ಡಾಕ್ಟ್ರು ನಿನಗೆ ಎರಡು ವರ್ಷ ಇದ್ದಾಗಲೇ ಹೇಳಿದ್ರು. ನಾಲ್ಕು ಜನ ಆಡ್ಕೋತಾರೆ ಅಂತ ನಿಮ್ಮಪ್ಪ ಹತ್ತು ವರ್ಷ ತಳ್ಳಿದ್ರು."

ಇದೆಲ್ಲ ಗೊತ್ತಿದ್ದೂ ಎಂಟು ವರ್ಷ ನನ್ನ ಹೆಂಡತಿಯನ್ನು ಬಂಜೆ ಎಂದಿರಿ. ಕಾರ್ಖಾನೆಯಲ್ಲಿ ದಿನವಿಡೀ ನಿಂತು ಬಟ್ಟೆ ಕತ್ತರಿಸಿ ಬಂದವಳು ಊರಿಂದ ಬಂದ ನಿಮಗೆ ಬಡಿಸುವಾಗಲೂ ಅಂದಿರಿ. ನಾನು ತಲೆ ತಗ್ಗಿಸಿ ಉಂಡೆ. ಆ ಸಿಟ್ಟು ನನ್ನ ಮೇಲೆಯೇ ಇದೆ.

ಡಾಕ್ಟರಿಗೆ ಆ ಹಳೆಯ ಆಸ್ಪತ್ರೆ ಚೀಟಿ ಬೇಕಂತೆ. ಅಂಚೆಯಲ್ಲಿ ಕಳಿಸಬೇಡಿ. ನೀವೇ ತಂದು, ಅದರಲ್ಲಿ ಏನು ಬರೆದಿದೆಯೆಂದು ನನ್ನ ಹೆಂಡತಿಯ ಮುಂದೆ ಗಟ್ಟಿಯಾಗಿ ಓದಿ. ಕ್ಷಮಿಸುವುದು ಬಿಡುವುದು ಅವಳಿಗೆ ಸೇರಿದ್ದು. ಮುಂದೆ ಮಗುವಾದರೆ, ಎತ್ತಿಕೊಳ್ಳಲಾ ಎಂದು ನೀವು ಅವಳನ್ನೇ ಕೇಳಬೇಕು.

ಹೊಲಿಗೆ ಹಾಕಿಸಿಕೊಂಡು ಮಲಗಿರುವ,
ನಿಮ್ಮ ಮಗ