ವಾರೆ ಕಿಟಕಿ

ಗುರುಗಳಿಗೆ ನಮಸ್ಕಾರ.

ಹೊಸ ರಂಗವಿನ್ಯಾಸಕರನ್ನು ಬೆಳೆಸುವ ನಿಮ್ಮ ಯೋಜನೆಗೆ ನನ್ನನ್ನು ಸೇರಿಸಿಕೊಂಡಿರಿ, ಉಪಕಾರವಾಯಿತು. ನಿನ್ನೆ ಟಿಕೆಟ್ ಕೊಂಡು ನಿಮ್ಮ ನಾಟಕ ನೋಡಿದೆ. ನಾನು ರಟ್ಟಿನಲ್ಲಿ ಮಾಡಿಕೊಟ್ಟ ಮನೆಯೇ ರಂಗದ ಮೇಲೆ ನಿಂತಿತ್ತು. ವಿನ್ಯಾಸಕರ ಹೆಸರು ಮಾತ್ರ ನಿಮ್ಮದು. ಪತ್ರಿಕೆಯವರು ಹಾಡಿ ಹೊಗಳಿದ ಆ ವಾರೆ ಕಿಟಕಿ, ರಟ್ಟು ಕೊಯ್ಯುವಾಗ ನನ್ನ ಬ್ಲೇಡು ಜಾರಿ ಆದದ್ದು. ಅಮ್ಮ, "ಹೋಗ್ಲಿ ಬಿಡೇ, ದೊಡ್ಡೋರನ್ನ ಎದುರು ಹಾಕ್ಕೋಬೇಡ" ಅಂದಳು. ಬಿಟ್ಟೆ.

ಒಂದೇ ಕೋರಿಕೆ. ಮುಂದಿನ ನಾಟಕಕ್ಕೆ ನಾನು ಕೊಟ್ಟ ಮಾದರಿಯೂ ನಿಮ್ಮಲ್ಲೇ ಇದೆ. ಅದರಲ್ಲಿ ಮೆಟ್ಟಿಲ ಕೆಳಗೆ ಕಂಬ ಇಡುವುದನ್ನು ಮರೆತಿದ್ದೆ. ನೀವು ಇದ್ದದ್ದನ್ನು ಇದ್ದ ಹಾಗೇ ಕಟ್ಟಿಸುವವರು. ದಯವಿಟ್ಟು ಬಡಗಿಗೆ ಹೇಳಿ ಕಂಬ ಹಾಕಿಸಿ.

ನೀವೇ ಹತ್ತುವುದಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಹತ್ತುವವರು ನಟರು.

ಇಂತಿ,
ನೀವು ಬೆಳೆಸಿದವಳು