ಬೂದು ಮೊಲಗಳಿಗಿನ್ನೂ ಪ್ರಾಯ ಬಂದಿಲ್ಲ

ಮಾರ್ಚ್ ೧೪, ಶನಿವಾರ

ಮೊಲದ ಮೇಷ್ಟ್ರಿಗೆ ಮನೆಯವಳ ನಮಸ್ಕಾರ.

ನಾನಿಲ್ಲಿ ಕ್ಷೇಮ. ನಿಮ್ಮ ಹೊಟ್ಟೆಹುಣ್ಣು ಮಾಯುತ್ತಿದೆ, ಇನ್ನೇನು ಮನೆಗೆ ಬಂದುಬಿಡುತ್ತೀರಿ ಎಂದು ಆಸ್ಪತ್ರೆಯಿಂದ ನಿಮ್ಮ ತಮ್ಮ ಸುದ್ದಿ ತಂದ. ಕಾಗದ ಬರೆಯಲು ತಡವಾಯಿತು, ಬಯ್ಯಬೇಡಿ. ಗಾಳಿಗೆ ಮೊಲದ ಗೂಡಿನ ತಗಡು ಎದ್ದುಹೋಗಿ, ಅದನ್ನು ಹೊಡೆಸುವುದರಲ್ಲೇ ವಾರ ಕಳೆಯಿತು. ಬಂದ ಬಡಗಿ ಮೊಳೆ ಹೊಡೆದದ್ದಕ್ಕಿಂತ ಚಹಾ ಕುಡಿದದ್ದೇ ಹೆಚ್ಚು.

ನೀವು ಹೇಳಿಕಳಿಸಿದ ವಿಷಯಕ್ಕೆ ಬರುತ್ತೇನೆ. ಆ ಎರಡು ಬೂದು ಹೆಣ್ಣುಗಳನ್ನು ಈ ವಾರವೇ ಗಂಡಿಗೆ ಬಿಡಬೇಕು ಅಂದಿರಂತೆ. ಬೇರೆ ಯಾರಾದರೂ ಅಂದಿದ್ದರೆ ತಲೆಯಾಡಿಸಿ ಸುಮ್ಮನಾಗುತ್ತಿದ್ದೆ. ಈ ದೊಡ್ಡ ಜಾತಿಗೆ ಎಂಟು ತಿಂಗಳಾದರೂ ತುಂಬಲಿ ಎಂದು ಇಡೀ ಬೀದಿಗೆ ಪಾಠ ಹೇಳಿದವರು ನೀವು. ಇವಕ್ಕಿನ್ನೂ ಐದು.

ಆದರೂ ನಿಮ್ಮ ಮಾತಲ್ಲವೇ ಅಂತ ಎರಡನ್ನೂ ತೂಗಿ ನೋಡಿದೆ. ದೊಡ್ಡವಳು ತಕ್ಕಡಿಯಲ್ಲಿ ತಾಯಿಯ ಸಮಕ್ಕೆ ಬರುತ್ತಾಳೆ, ನಿಜ. ಆದರೆ ಬೆನ್ನ ಮೇಲೆ ಕೈಯಾಡಿಸಿದರೆ ಮರಿಗೂದಲು ಇನ್ನೂ ಉದುರುತ್ತಿದೆ, ಸೊಂಟದ ಮೂಳೆ ಕಿರಿದಾಗಿಯೇ ಕೈಗೆ ಸಿಗುತ್ತದೆ. ಚಿಕ್ಕವಳಂತೂ ಹುಲ್ಲು ಹಾಕಿದರೆ ತಿನ್ನುವುದು ಬಿಟ್ಟು ಅದರ ಮೇಲೆ ಕುಣಿಯುತ್ತಾಳೆ. ಇವಳನ್ನು ತಾಯಿ ಮಾಡುವುದಾದರೂ ಹೇಗೆ?

ನಿಮ್ಮ ತಮ್ಮ ಕೇಳಬೇಕಲ್ಲ! ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವ ಹಾಗೆ ಹೆರಿಗೆ ಪೆಟ್ಟಿಗೆಯನ್ನೂ ಮಾಡಿಟ್ಟ. ನಿನ್ನೆ ನಾನು ಅಂಗಡಿಗೆ ಹೋದದ್ದೇ ತಡ, ನಮ್ಮ ಮುದಿ ಗಂಡನ್ನು ಎತ್ತಿ ದೊಡ್ಡವಳ ಗೂಡಿಗೇ ಬಿಟ್ಟಿದ್ದಾನೆ. ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಬೇಕೇ ಹೊರತು ಗಂಡನ್ನು ಅವಳ ಮನೆಗೆ ನುಗ್ಗಿಸಬಾರದು ಎಂಬ ನಿಮ್ಮ ಮೊದಲ ಪಾಠವೇ ಅವನಿಗೆ ಮರೆತಿದೆ. ನಾನು ಬರುವಷ್ಟರಲ್ಲಿ ಗೂಡೆಲ್ಲ ಕೂದಲು, ಗಂಡಿನ ಕಿವಿ ಹರಿದು ರಕ್ತ. ಅವಳು ಹತ್ತಿರ ಸೇರಿಸಿರಲಿಲ್ಲ, ಬದುಕಿದೆವು.

"ಯಾಕಪ್ಪಾ ಇಷ್ಟು ಅವಸರ? ಮರಿ ಒಳಗೇ ಸಿಕ್ಕಿ ಇವಳೂ ಹೋದ್ರೆ ಯಾರು ಹೊಣೆ?" ಎಂದು ಕೂಗಿಬಿಟ್ಟೆ.

"ನನ್ನೇನು ಕೇಳ್ತೀರಿ ಅತ್ತಿಗೆ? ಅಣ್ಣ ಹೇಳ್ದ, ನಾನು ಮಾಡ್ದೆ," ಎಂದ.

ಕಿವಿಗೆ ಔಷಧಿ ಹಚ್ಚಿದ್ದೇನೆ. ನೀವು ಕೋಪಿಸಿಕೊಂಡರೂ ಸರಿ, ಪ್ರಾಯ ಬರುವವರೆಗೆ ಆ ಹೆಣ್ಣುಗಳನ್ನು ಗಂಡಿಗೆ ಬಿಡುವುದಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡಿ. ಕಿಟಕಿ ತೆಗೆಸಲು ನರ್ಸಮ್ಮನ ಜೊತೆ ಜಗಳ ಬೇಡ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ,
ನಿಮ್ಮವಳು

ಮತ್ತೊಂದು ಮಾತು. ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಇಷ್ಟು ವರ್ಷಗಳಲ್ಲಿ ನೀವು ಒಂದು ಮೊಲವನ್ನೂ ಅವಸರಪಡಿಸಿದವರಲ್ಲ. ಅದಕ್ಕೇ ಇವತ್ತು ಬೆಳಿಗ್ಗೆ ನಿಮ್ಮ ತಮ್ಮನನ್ನು ನಿಲ್ಲಿಸಿ ಕೇಳಿದೆ. ಗೂಡಿನ ತಂತಿ ನೆಟ್ಟಗೆ ಮಾಡುತ್ತಾ ನಿಂತಿದ್ದ. ತಂತಿಯನ್ನು ಕೈಬಿಡದೆಯೇ ಹೇಳಿದ: "ಅಣ್ಣ ಉಳಿಯೋದು ಇನ್ನೆರಡೇ ತಿಂಗಳು ಅಂದ್ರು ಡಾಕ್ಟ್ರು. ನಿಮ್ಗೆ ಹೇಳ್ಬಾರ್ದು ಅಂತ ಅಣ್ಣ ಆಣೆ ಹಾಕ್ಸಿದಾನೆ. ಈಗ ಬಿಟ್ರೆ ತಿಂಗಳಿಗೆ ಮರಿ ಬರುತ್ತಂತೆ, ಒಂದ್ಸಲ ಕೈಲಿ ಹಿಡೀಬೇಕಂತೆ."

ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆ ಬೂದು ಬಣ್ಣಕ್ಕಾಗಿ ನೀವು ಎಷ್ಟು ವರ್ಷ ಆರಿಸಿ ಆರಿಸಿ ಕೂಡಿಸಿದಿರಿ. ಆದರೂ ಆ ಎಳೆಯವನ್ನು ಸಾವಿಗೆ ನೂಕಲಾರೆ, ನಿಮಗಾಗಿಯೂ ಸಹ. ಡಾಕ್ಟರಿಗೆ ಗೊತ್ತು, ತಮ್ಮನಿಗೆ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನು ವಾಪಸಾದ ಕೂಡಲೇ ಮೊಲಗಳನ್ನು ಒಪ್ಪಿಸಿ ಬಸ್ಸು ಹತ್ತುತ್ತೇನೆ. ಇನ್ನು ನಿಮ್ಮ ಮಂಚದ ಪಕ್ಕದಿಂದ ಏಳುವುದಿಲ್ಲ. ನಾನು ಬಂದಾಗ ಏನು ಬೇಕಾದರೂ ಹೇಳಿ, ಚೆನ್ನಾಗಿದ್ದೇನೆ ಅಂತ ಮಾತ್ರ ಹೇಳಬೇಡಿ.